ಧೂಳು ಮತ್ತು ಹೊಣೆ: ಕಲ್ಲಿನ ಕೆಲಸದ ಕಾಯಿಲೆಯನ್ನು ಕುರಿತು



ದುಡಿಮೆಯಿಂದ ಬರುವ ಕಾಯಿಲೆಗಳನ್ನು ಕುರಿತ ಈ ಉಪನ್ಯಾಸಕ್ಕೆ ನಾನು ಸಿಲಿಕೋಸಿಸ್ ಎಂಬ ಒಂದೇ ಕಾಯಿಲೆಯನ್ನು ಆಯ್ದುಕೊಂಡಿದ್ದೇನೆ. ಕಲ್ಲು ಕೊರೆಯುವಾಗ, ಒಡೆಯುವಾಗ, ಅರೆಯುವಾಗ ಏಳುವ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಇದು. ಇದರ ಕಾರಣ ನಮಗೆ ಗೊತ್ತಿದೆ. ಇದನ್ನು ತಡೆಯುವ ಉಪಾಯವೂ ನೂರು ವರ್ಷಗಳಿಂದ ಗೊತ್ತಿದೆ. ವಾಸಿ ಮಾಡುವ ಔಷಧ ಮಾತ್ರ ಇಂದಿಗೂ ಇಲ್ಲ. ತಡೆಯಬಹುದಾದ, ಆದರೆ ಬಂದ ಮೇಲೆ ಗುಣಪಡಿಸಲಾಗದ ಕಾಯಿಲೆಯೊಂದು ಒಂದು ಸಮಾಜದಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಕೊಂಡು ಬಂದರೆ ಅದನ್ನು ವೈದ್ಯಕೀಯದ ಸೋಲು ಎನ್ನಲಾಗದು. ಅದು ಹೊಣೆಗಾರಿಕೆಯ ಸೋಲು. ಧೂಳನ್ನು ಅದು ಹುಟ್ಟುವ ಜಾಗದಲ್ಲೇ ಅಡಗಿಸುವುದು ಕೆಲಸ ಮಾಡಿಸುವವರ ಮೊದಲ ಕರ್ತವ್ಯ. ಕಾಯಿಲೆ ಬಿದ್ದವರನ್ನು ಒಬ್ಬರನ್ನೂ ಬಿಡದೆ ಲೆಕ್ಕಕ್ಕೆ ತರುವುದು ಸರ್ಕಾರದ ಮೊದಲ ಕರ್ತವ್ಯ. ಮುಖಗವಸು, ತಪಾಸಣೆ, ಪರಿಹಾರಧನ ಎಲ್ಲವೂ ಇವೆರಡರ ನಂತರ ಬರತಕ್ಕವು. ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದಲೇ ನಾವು ಸೋತಿದ್ದೇವೆ ಎಂಬುದು ನನ್ನ ವಾದ.

ದುಡಿಮೆಯ ಅಪಾಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಪಘಾತ: ಕುಸಿದ ಗಣಿ, ಸಿಡಿದ ಬಾಯ್ಲರ್, ಯಂತ್ರಕ್ಕೆ ಸಿಕ್ಕ ಕೈ. ಅಪಘಾತಕ್ಕೆ ದಿನಾಂಕವಿದೆ, ಸ್ಥಳವಿದೆ, ಸಾಕ್ಷಿಗಳಿದ್ದಾರೆ. ಮರುದಿನ ಪತ್ರಿಕೆಯಲ್ಲಿ ಸುದ್ದಿಯೂ ಬರುತ್ತದೆ. ಕಾಯಿಲೆಗೆ ಇದಾವುದೂ ಇಲ್ಲ. ಆದರೆ ಸಾವಿನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದುಡಿಮೆಗೆ ಸಂಬಂಧಿಸಿದ ಕಾರಣಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 29 ಲಕ್ಷ ಮಂದಿ ಸಾಯುತ್ತಾರೆ. ಇವರಲ್ಲಿ ಅಪಘಾತಕ್ಕೆ ಬಲಿಯಾಗುವವರು ಸುಮಾರು 3.3 ಲಕ್ಷ, ಉಳಿದ 26 ಲಕ್ಷ ಮಂದಿಯನ್ನು ಕೊಲ್ಲುವುದು ಕಾಯಿಲೆ. ಅಂದರೆ ಅಪಘಾತದಲ್ಲಿ ಒಬ್ಬರು ಸತ್ತರೆ ಕಾಯಿಲೆಯಿಂದ ಏಳೆಂಟು ಮಂದಿ ಸಾಯುತ್ತಾರೆ. ನಮ್ಮ ಕಾನೂನು, ತನಿಖೆ, ಸಾರ್ವಜನಿಕರ ಗಮನ ಎಲ್ಲವೂ ಆ ಒಬ್ಬರ ಸುತ್ತ ನೆರೆದಿವೆ. ಗಮನಕ್ಕೆ ಬಾರದೆ ಹೋಗುವ ಆ ಏಳೆಂಟು ಮಂದಿಯ ಸಾವಿಗೆ ಕಾರಣವಾದ ಕೆಲಸದ ಹೆಸರು ಮರಣ ಪ್ರಮಾಣಪತ್ರದಲ್ಲಿ ಕೂಡ ಇರುವುದಿಲ್ಲ.

ಕಾಯಿಲೆ ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಲ್ಲುಗಣಿಯಲ್ಲಿ ಬಂಡೆಗೆ ಕುಳಿ ಹೊಡೆಯುವ ಕಾರ್ಮಿಕ ಕಂಪ್ರೆಸರ್ ಗಾಳಿಯಿಂದ ನಡೆಯುವ ಡ್ರಿಲ್ಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಅದರ ಮೇಲೆ ಬಾಗಿ ನಿಂತಿರುತ್ತಾನೆ. ಕುಳಿಯ ಬಾಯಿಯಿಂದ ಬಿಳಿ ಹುಡಿ ನೇರವಾಗಿ ಅವನ ಮುಖಕ್ಕೆ ಚಿಮ್ಮುತ್ತದೆ. ರೆಪ್ಪೆಯ ಮೇಲೆ, ಮೀಸೆಯ ಮೇಲೆ ಕೂರುವ ಆ ಹುಡಿ ಕಣ್ಣಿಗೆ ಕಾಣುತ್ತದೆ, ಸಂಜೆ ತೊಳೆದರೆ ಹೋಗುತ್ತದೆ. ಕೊಲ್ಲುವ ಕಣ ಅದಲ್ಲ. ಮೈಕ್ರೋಮೀಟರ್ ಲೆಕ್ಕದಲ್ಲಿ ಅಳೆಯಬೇಕಾದ, ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿದ್ದು, ಮೂಗು ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಸೇರುತ್ತವೆ. ಅಲ್ಲಿರುವ ರಕ್ಷಕ ಕೋಶಗಳು ಈ ಸಿಲಿಕಾ ಕಣವನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರದೆ ಸಾಯುತ್ತವೆ. ಬಿಡುಗಡೆಯಾದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಈ ಸರಣಿ ನಡೆದಷ್ಟೂ ಉರಿಯೂತ, ಅದರ ಹಿಂದೆಯೇ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಬಿಗಿದುಕೊಳ್ಳುತ್ತದೆ. ಮೊದಲು ದಿಣ್ಣೆ ಹತ್ತುವಾಗ ಮೇಲುಸಿರು, ಆಮೇಲೆ ನಡೆಯುವಾಗ, ಕೊನೆಗೆ ಕುಳಿತಲ್ಲೇ ಏದುಸಿರು. ಕೆಲಸ ಬಿಟ್ಟರೂ ಕಾಯಿಲೆ ಮುಂದುವರಿಯಬಹುದು. ಕ್ಷಯ ತಗಲುವ ಸಂಭವ ಇವರಿಗೆ ಇತರರಿಗಿಂತ ಬಹಳ ಹೆಚ್ಚು. ಸಿಲಿಕಾ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ತೀರ್ಮಾನಿಸಿತು.

ಇದು ಹೊರದೇಶದ ಮಾತಲ್ಲ. ಭಾರತದಲ್ಲಿ ಈ ಕಾಯಿಲೆಯ ಅಧ್ಯಯನ ಆರಂಭವಾದದ್ದೇ ಕೋಲಾರದ ಚಿನ್ನದ ಗಣಿಯಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಹರಿದದ್ದು ನಮಗೆಲ್ಲ ಹೆಮ್ಮೆಯ ಇತಿಹಾಸ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದದ್ದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಬೆಣಚು ಎಂದರೆ ಹೆಚ್ಚು ಕಡಿಮೆ ಶುದ್ಧ ಸಿಲಿಕಾ. 1934ರಲ್ಲಿ ಅಲ್ಲಿ ಸಿಲಿಕೋಸಿಸ್ ವರದಿಯಾಯಿತು. 1940ರಿಂದ 1946ರವರೆಗೆ ನಡೆದ ದೊಡ್ಡ ಸಮೀಕ್ಷೆಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆ ಕಂಡಿತು. ಅದೇ ಗಣಿಗಳಲ್ಲಿ ಬಂಡೆ ಸಿಡಿತವೆಂಬ ಇನ್ನೊಂದು ಅಪಾಯವಿತ್ತು. ಆಳದ ಒತ್ತಡಕ್ಕೆ ಬಂಡೆ ಹಠಾತ್ತನೆ ಸಿಡಿದು ಸುರಂಗಗಳೇ ಮುಚ್ಚಿಹೋಗುತ್ತಿದ್ದವು. ಆ ಅಪಾಯವನ್ನು ಅರಿಯಲು ಭೂಕಂಪ ಮಾಪನದ ಜಾಲವೇ ಬೆಳೆಯಿತು. ಬಂಡೆಯ ಯಂತ್ರಶಾಸ್ತ್ರದ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಅಲ್ಲಿಯೇ ನೆಲೆಗೊಂಡಿತು. ಅದು ಆಗಬೇಕಾದ ಕೆಲಸವೇ ಆಗಿತ್ತು. ಆದರೆ ಬಂಡೆ ಸಿಡಿತ ನಾಡಿನ ನೆನಪಿನಲ್ಲಿ ಉಳಿದಷ್ಟು ಧೂಳು ಉಳಿಯಲಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಮುಚ್ಚಿದ ಗಣಿಯೊಂದಿಗೆ ನಮ್ಮ ಕಾಳಜಿಯೂ ಮುಚ್ಚಿತು. ಎದೆಯೊಳಗೆ ಸೇರಿದ ಕಣಗಳಿಗೆ ಗಣಿ ಮುಚ್ಚಿದ ದಿನಾಂಕ ತಿಳಿಯದು.

ಪರಿಹಾರಧನವೊಂದರಿಂದಲೇ ಕಾಯಿಲೆಯನ್ನು ಎದುರಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಚರಿತ್ರೆಯಲ್ಲಿ ಉತ್ತರವಿದೆ. ಗಣಿಗಾರರ ಈ ಎದೆರೋಗಕ್ಕೆ ಪರಿಹಾರ ಕೊಡುವ ಕಾಯಿದೆ ಅಲ್ಲಿ 1912ರಲ್ಲೇ ಬಂದಿತ್ತು. ಎಕ್ಸ್‌ರೇ ತಪಾಸಣೆ, ವೈದ್ಯಕೀಯ ಮಂಡಳಿ, ದಾಖಲೆ ಎಲ್ಲವೂ ಇದ್ದವು. ಆದರೆ ವ್ಯವಸ್ಥೆ ನೆಟ್ಟ ಕಣ್ಣು ಬಿಳಿಯ ಗಣಿಗಾರರ ಮೇಲೆ. ಲೆಸೊಥೊ, ಮೊಜಾಂಬಿಕ್, ಟ್ರಾನ್ಸ್‌ಕೈ ಕಡೆಯಿಂದ ಗುತ್ತಿಗೆಯ ಮೇಲೆ ಬಂದ ಕಪ್ಪು ಕಾರ್ಮಿಕರು ಕಾಯಿಲೆ ಹೊತ್ತು ತಮ್ಮ ಊರಿಗೆ ಮರಳಿದರು, ಅಲ್ಲಿಯೇ ಸತ್ತರು, ಗಣಿಯ ಲೆಕ್ಕಪುಸ್ತಕಕ್ಕೆ ಸೇರಲಿಲ್ಲ. ಅವರ ಪರವಾದ ಸಾಮೂಹಿಕ ದಾವೆಯಲ್ಲಿ ಗಣಿ ಕಂಪನಿಗಳು ಒಪ್ಪಿದ 500 ಕೋಟಿ ರ‍್ಯಾಂಡ್‌ನ ರಾಜಿಗೆ ಜೋಹಾನ್ಸ್‌ಬರ್ಗ್ ಹೈಕೋರ್ಟು ಮುದ್ರೆ ಒತ್ತಿದ್ದು 2019ರಲ್ಲಿ. ನಡುವೆ ಕಳೆದದ್ದು ನೂರೇಳು ವರ್ಷ. ಲೆಕ್ಕಕ್ಕೆ ಬಾರದ ಕಾಯಿಲೆ ಮಾಲೀಕನಿಗೆ ಖರ್ಚಿಲ್ಲದ ಕಾಯಿಲೆ. ಖರ್ಚಿಲ್ಲದ್ದನ್ನು ತಡೆಯಲು ಯಾವ ವ್ಯಾಪಾರವೂ ತಾನಾಗಿ ಮುಂದಾಗುವುದಿಲ್ಲ.

ನಮ್ಮಲ್ಲೂ ಇದೇ ಕಥೆ ಚಿಕ್ಕ ರೂಪದಲ್ಲಿ ನಡೆದಿದೆ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳ ಆದಿವಾಸಿಗಳು ಬರಗಾಲದಲ್ಲಿ ಕೂಲಿ ಅರಸಿ ಗುಜರಾತಿನ ಗೋಧ್ರಾ ಸುತ್ತಿನ ಬೆಣಚುಕಲ್ಲು ಅರೆಯುವ ಘಟಕಗಳಿಗೆ ಹೋದರು. ಬೆಣಚನ್ನು ಹಿಟ್ಟಿನಂತೆ ಅರೆದು ಚೀಲ ತುಂಬುವ ಕೆಲಸ. ಕೆಲವೇ ತಿಂಗಳು ದುಡಿದ ಯುವಕ ಯುವತಿಯರೂ ಊರಿಗೆ ಮರಳಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಕಾರ್ಖಾನೆ ಒಂದು ರಾಜ್ಯದಲ್ಲಿ, ಸಾವು ಇನ್ನೊಂದು ರಾಜ್ಯದಲ್ಲಿ. ಕೂಲಿ ಚೀಟಿಯಿಲ್ಲ, ಹಾಜರಿ ಪುಸ್ತಕವಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯೆ ಬಂದು, ಸುಪ್ರೀಂ ಕೋರ್ಟು ವರ್ಷಗಟ್ಟಲೆ ವಿಚಾರಣೆ ನಡೆಸಿ, 238 ಮಂದಿ ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕೆಂದು ಗುಜರಾತ್ ಸರ್ಕಾರಕ್ಕೆ ಆದೇಶಿಸಿದ್ದು 2016ರಲ್ಲಿ. ಇಲ್ಲಿ ಗಮನಿಸಬೇಕಾದದ್ದು ಹಣದ ಮೊತ್ತವನ್ನಲ್ಲ. ಸತ್ತವರು ಇಂಥ ಕಡೆ ದುಡಿದು ಇಂಥ ಕಾಯಿಲೆಯಿಂದಲೇ ಸತ್ತರು ಎಂದು ಸಾಬೀತು ಮಾಡುವ ಭಾರ ಬಿದ್ದದ್ದು ಯಾವ ದಾಖಲೆಯನ್ನೂ ಇಟ್ಟುಕೊಳ್ಳಲಾಗದ ಜನರ ಮೇಲೆ.

ಹಾಗಾದರೆ ತಡೆಯುವ ಉಪಾಯ ಯಾವುದು? ಅದು ಬಹಳ ಸರಳವಾದದ್ದು: ನೀರು, ಮುಚ್ಚಳ, ಎಳೆಗಾಳಿ. ಡ್ರಿಲ್ಲಿನ ಸರಳಿನೊಳಗಿಂದ ಕುಳಿಯ ತಳಕ್ಕೆ ನೀರು ಹಾಯಿಸಿದರೆ, ಮುಖಕ್ಕೆ ಚಿಮ್ಮುತ್ತಿದ್ದ ಹುಡಿ ಕೆಸರಾಗಿ ಕುಳಿಯ ಬಾಯಿಂದ ಇಳಿದು ಹೋಗುತ್ತದೆ. ಕ್ರಷರಿನಲ್ಲಿ ಕಲ್ಲು ಬೀಳುವ ಬಾಯಿ, ಜರಡಿ, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಲ್ಲಿ ಸುರಿಯುವ ಜಾಗ ಇವುಗಳನ್ನು ಮುಚ್ಚಿ, ತುಂತುರು ಹಾಯಿಸಿ, ಉಳಿದ ಧೂಳನ್ನು ಕೊಳವೆಯಲ್ಲಿ ಎಳೆದು ಚೀಲದಲ್ಲಿ ಹಿಡಿಯಬಹುದು. ಮಧ್ಯಪ್ರದೇಶದ ಮಂದಸೌರ್ ಒಂದು ಕಾಲಕ್ಕೆ ಬಳಪ ತಯಾರಿಕೆಗೆ ಹೆಸರಾಗಿತ್ತು. ವಿದ್ಯುತ್ ಗರಗಸದಿಂದ ಕಲ್ಲುಹಲಗೆಯನ್ನು ಕಡ್ಡಿಗಳಾಗಿ ಸೀಳುತ್ತಿದ್ದ ಅಲ್ಲಿನ ಕಾರ್ಮಿಕರು ಚಿಕ್ಕ ವಯಸ್ಸಿನಲ್ಲೇ ಸಿಲಿಕೋಸಿಸ್‌ಗೆ ತುತ್ತಾಗುತ್ತಿದ್ದರು. ನಮ್ಮ ಮಕ್ಕಳ ಕೈಯ ಬಳಪಕ್ಕೆ ತೆತ್ತ ಬೆಲೆ ಅದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿ ನಡೆಸಿದ ಅಧ್ಯಯನಗಳು ಕಾಯಿಲೆಯ ತೀವ್ರತೆಯನ್ನು ದಾಖಲಿಸಿದವು. ಧೂಳನ್ನು ಗರಗಸದ ಬುಡದಲ್ಲೇ ಎಳೆದುಕೊಳ್ಳುವ ಏರ್ಪಾಡೇ ಅದಕ್ಕೆ ಸರಿಯಾದ ಉತ್ತರವಾಗಿತ್ತು. ಧೂಳಿಗೆ ಇಂಥದೇ ಮಿತಿ ಇರಬೇಕೆಂದು ನಿಗದಿ ಮಾಡಿ, ಗಾಳಿಯನ್ನು ಅಳೆದು, ಮೀರಿದವರ ಯಂತ್ರ ನಿಲ್ಲಿಸುವುದು ಇದರ ಮುಂದಿನ ಹೆಜ್ಜೆ. ಅಮೆರಿಕ 2016ರಲ್ಲಿ ಈ ಮಿತಿಯನ್ನು ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ ಸಿಲಿಕಾಕ್ಕೆ ಇಳಿಸಿತು. ಚಿಟಿಕೆ ಧೂಳನ್ನು ದೊಡ್ಡ ಸಭಾಂಗಣದಲ್ಲಿ ಹರಡಿದರೂ ಇದನ್ನು ಮೀರಬಹುದು. ಕಣ್ಣಳತೆ ಇಲ್ಲಿ ಕೆಲಸಕ್ಕೆ ಬಾರದು, ಮಾಪನವೇ ಬೇಕು.

ಈ ವಾದಕ್ಕೆ ಬರುವ ಆಕ್ಷೇಪಗಳನ್ನು ಒಂದೊಂದಾಗಿ ಎದುರಿಸಬೇಕು. ಮೊದಲನೆಯದು: "ಮಾಸ್ಕ್ ಕೊಟ್ಟಿದ್ದೇವೆ, ಕಾರ್ಮಿಕರೇ ಹಾಕಿಕೊಳ್ಳುವುದಿಲ್ಲ." ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬಯಲುಸೀಮೆಯ ಮೇ ತಿಂಗಳ ಬಿಸಿಲಿನಲ್ಲಿ, ಕಾದ ಬಂಡೆಯ ಮೇಲೆ ನಿಂತು ಎಂಟು ಗಂಟೆ ಭಾರ ಎತ್ತುವವರು ಉಸಿರು ಬಿಗಿಯುವ ಮುಖಗವಸನ್ನು ಸದಾ ತೊಟ್ಟಿರಲಿ ಎಂದು ಬಯಸುವುದು ಶರೀರಧರ್ಮಕ್ಕೆ ವಿರುದ್ಧ. ತಲೆಗೆ ಸುತ್ತಿದ ಟವೆಲ್ಲನ್ನೇ ಮೂಗಿಗೆ ಕಟ್ಟಿಕೊಂಡರೆ ದಪ್ಪ ಹುಡಿ ನಿಂತೀತು, ಸೂಕ್ಷ್ಮ ಕಣ ನಿಲ್ಲದು. ಮುಖಕ್ಕೆ ಸರಿಯಾಗಿ ಕೂರುವ, ಕಣ ಸೋಸುವ, ಕಾಲಕಾಲಕ್ಕೆ ಬದಲಿಸುವ ಮುಖಗವಸು ಬೇಕು ನಿಜ. ಆದರೆ ಔದ್ಯೋಗಿಕ ಆರೋಗ್ಯಶಾಸ್ತ್ರ ಅದನ್ನು ರಕ್ಷಣೆಯ ಕೊನೆಯ ಮೆಟ್ಟಿಲಲ್ಲಿ ಇಡುತ್ತದೆ. ಅಪಾಯದ ವಸ್ತುವನ್ನು ತೆಗೆದುಹಾಕುವುದು, ಬದಲಿ ವಸ್ತು ಬಳಸುವುದು, ಯಂತ್ರವನ್ನು ತಿದ್ದುವುದು, ಕೆಲಸದ ಅವಧಿಯನ್ನು ಹಂಚುವುದು ಇವೆಲ್ಲ ಆದ ಮೇಲೂ ಉಳಿದ ಅಪಾಯಕ್ಕೆ ಮಾತ್ರ ಮುಖಗವಸು. ಕೊನೆಯದನ್ನು ಮೊದಲು ಮಾಡಿದರೆ, ಯಂತ್ರದ ದೋಷ ಮನುಷ್ಯನ ಅಶಿಸ್ತಾಗಿ ಮಾರ್ಪಡುತ್ತದೆ, ಕಾಯಿಲೆ ಬಿದ್ದವನೇ ತಪ್ಪಿತಸ್ಥನಾಗುತ್ತಾನೆ.

ಎರಡನೆಯ ಆಕ್ಷೇಪ: "ಅದು ಸಿಲಿಕೋಸಿಸ್ ಅಲ್ಲ, ಟಿಬಿ, ಇಲ್ಲವೇ ಬೀಡಿ ಸೇದಿದ್ದರ ಫಲ." ಬೀಡಿ ಹಾನಿ ಮಾಡುತ್ತದೆ, ಟಿಬಿಯೂ ಇರಬಹುದು, ಆದರೆ ಒಂದು ಇದ್ದರೆ ಇನ್ನೊಂದಿಲ್ಲ ಎಂದೇನೂ ಅಲ್ಲ. ಸಿಲಿಕಾ ಹೊಕ್ಕ ಶ್ವಾಸಕೋಶದಲ್ಲಿ ಟಿಬಿ ಸುಲಭವಾಗಿ ನೆಲೆಯೂರುತ್ತದೆ, ಎರಡೂ ಒಟ್ಟಿಗೆ ಇರುವುದು ಸಾಮಾನ್ಯ. ಎಕ್ಸ್‌ರೇಯಲ್ಲಿ ಎರಡರ ನೆರಳುಗಳೂ ಶ್ವಾಸಕೋಶದ ಮೇಲ್ಭಾಗದಲ್ಲೇ ಕಾಣುವುದರಿಂದ, ಕೆಲಸದ ವಿವರ ಕೇಳದ ವೈದ್ಯರು ಟಿಬಿ ಎಂದು ಬರೆದು ಔಷಧ ಕೊಟ್ಟು ಕಳಿಸುತ್ತಾರೆ. ಆ ಔಷಧ ರೋಗಾಣುವನ್ನು ಕೊಂದೀತು, ನಾರನ್ನು ಕರಗಿಸದು. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಝಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥ ಬರೆದಾಗ, ರೋಗಿಯನ್ನು ವಿಚಾರಿಸುವಾಗ ನಿನ್ನ ಕಸುಬೇನೆಂದು ತಪ್ಪದೆ ಕೇಳಬೇಕೆಂದು ವೈದ್ಯರಿಗೆ ಹೇಳಿದ. ಮುನ್ನೂರು ವರ್ಷ ಕಳೆದರೂ ನಮ್ಮ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಆ ಪ್ರಶ್ನೆಗೆ ಜಾಗವಿದ್ದರೂ 'ಕೂಲಿ' ಎಂದು ಬರೆದು ಮುಗಿಸಲಾಗುತ್ತದೆ. ಯಾವ ಕಲ್ಲು, ಯಾವ ಯಂತ್ರ, ಎಷ್ಟು ವರ್ಷ ಎಂಬ ಮೂರು ಪ್ರಶ್ನೆ ಕೇಳಿದರೆ ರೋಗನಿರ್ಣಯವೇ ಬದಲಾಗಬಹುದು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: "ಇಷ್ಟೆಲ್ಲ ಖರ್ಚು ಮಾಡಿದರೆ ಸಣ್ಣ ಘಟಕಗಳು ಮುಚ್ಚುತ್ತವೆ, ಕೂಲಿಯವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ." ಬಡವರ ಕೂಲಿಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಆದರೆ ಖರ್ಚು ಈಗಲೂ ಆಗುತ್ತಿದೆ ಎಂಬುದನ್ನು ಮರೆಯಬಾರದು. ಮಾಲೀಕರ ಪುಸ್ತಕದಲ್ಲಿ ಕಾಣದ ಆ ಖರ್ಚನ್ನು ಸಾಲ ಮಾಡಿ ಆಸ್ಪತ್ರೆ ಸುತ್ತುವ ಹೆಂಡತಿ, ಶಾಲೆ ಬಿಟ್ಟು ಅದೇ ಕ್ವಾರಿಗೆ ಇಳಿಯುವ ಮಗ, ಸರ್ಕಾರಿ ಆಸ್ಪತ್ರೆ ಇವರೆಲ್ಲ ಹೊರುತ್ತಿದ್ದಾರೆ. ಕಲ್ಲಿನ ನಿಜವಾದ ಬೆಲೆಯನ್ನು ಕಲ್ಲು ಕೊಳ್ಳುವವರೇ ಕೊಡಬೇಕು. ಚರಿತ್ರೆಯೂ ಈ ಭಯವನ್ನು ಸಮರ್ಥಿಸುವುದಿಲ್ಲ. ಎರಕದ ಲೋಹವನ್ನು ಮರಳು ಚಿಮ್ಮಿಸಿ ಉಜ್ಜುವುದನ್ನು ಬ್ರಿಟನ್ 1949ರಲ್ಲಿ ನಿಷೇಧಿಸಿತು, ಬೇರೆ ಉಜ್ಜುವಸ್ತುಗಳು ಬಂದವು, ಎರಕದ ಉದ್ಯಮ ನಿಲ್ಲಲಿಲ್ಲ. ಜೀನ್ಸ್ ಬಟ್ಟೆಗೆ ಮರಳು ಹೊಡೆಯುತ್ತಿದ್ದ ಯುವಕರು ಸಾಯತೊಡಗಿದಾಗ ತುರ್ಕಿ 2009ರಲ್ಲಿ ಅದನ್ನು ನಿಲ್ಲಿಸಿತು. ಅಡುಗೆಮನೆಯ ಕಟ್ಟೆಗೆ ಹಾಸುವ, ಶೇ. 90ಕ್ಕೂ ಹೆಚ್ಚು ಸಿಲಿಕಾ ಇರಬಲ್ಲ ಕೃತಕ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿತು. ನಾವು ಎಲ್ಲ ಕಲ್ಲನ್ನೂ ನಿಷೇಧಿಸಲಾರೆವು, ಮನೆ ರಸ್ತೆಗಳು ಬೇಕು. ಸಣ್ಣ ಘಟಕಗಳಿಗೆ ನೀರಿನ ಡ್ರಿಲ್ಲು, ಧೂಳು ಹಿಡಿಯುವ ಸಾಧನಕ್ಕೆ ಸಾಲ, ಸಹಾಯಧನ ಕೊಡಬಹುದು. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳ ಉದ್ದೇಶವೇ ಗಣಿಗಾರಿಕೆಯಿಂದ ಬಾಧಿತರಾದವರ ಹಿತ. ಗಣಿಯ ಧೂಳು ಕುಡಿದವರಿಗಿಂತ ಹೆಚ್ಚು ಬಾಧಿತರು ಯಾರಿದ್ದಾರೆ?

ನಾಲ್ಕನೆಯ ಮಾತು: "ಕಾನೂನು ಸಾಕಷ್ಟಿದೆಯಲ್ಲ?" ಇದೆ. ನಷ್ಟಪರಿಹಾರದ ಕಾಯಿದೆ 1923ರಲ್ಲಿ, ಕಾರ್ಖಾನೆ ಕಾಯಿದೆ 1948ರಲ್ಲಿ, ಗಣಿ ಕಾಯಿದೆ 1952ರಲ್ಲಿ ಬಂದವು. ಪಟ್ಟಿಯಲ್ಲಿರುವ ಔದ್ಯೋಗಿಕ ಕಾಯಿಲೆಯನ್ನು ಕಂಡ ವೈದ್ಯರು ಅಧಿಕಾರಿಗೆ ತಿಳಿಸಲೇಬೇಕೆಂಬ ವಿಧಿ ಹಳೆಯ ಕಾಯಿದೆಗಳಲ್ಲಿತ್ತು. 13 ಕಾಯಿದೆಗಳನ್ನು ಒಂದುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲೇ ಕಾರ್ಮಿಕರ ಆರೋಗ್ಯವನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು, ಆರೋಗ್ಯ ದಾಖಲೆಗಳನ್ನು 40 ವರ್ಷ ಕಾಪಾಡಬೇಕೆಂದಿತು. ಆದರೆ ಈ ಕಾನೂನುಗಳೆಲ್ಲ ಗೇಟು, ಹಾಜರಿ ಪುಸ್ತಕ, ಕಾಯಂ ನೌಕರ ಇರುವ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ಕಲ್ಲಿನ ಕೆಲಸ ಹೆಚ್ಚಾಗಿ ನಡೆಯುವುದು ಗುತ್ತಿಗೆದಾರನ ಮಾತಿನ ಮೇಲೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರಿದ್ದರೆ ಸಾಕಿತ್ತು. ಹೊಸ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. ಧೂಳು ತಲೆ ಎಣಿಸಿ ಏಳುವುದಿಲ್ಲ. ಹತ್ತು ಮಂದಿಯ ಕ್ರಷರಿನಲ್ಲೂ ಅದು ಅಷ್ಟೇ ಮಾರಕ. ಅಪಾಯದ ಕೆಲಸಗಳ ಮಟ್ಟಿಗೆ ಕಾನೂನಿನ ವ್ಯಾಪ್ತಿಯನ್ನು ಕಾರ್ಮಿಕರ ಸಂಖ್ಯೆ ನಿರ್ಧರಿಸಬಾರದು, ಅಪಾಯದ ಪ್ರಮಾಣ ನಿರ್ಧರಿಸಬೇಕು.

ಕರ್ನಾಟಕಕ್ಕೆ ಇದು ಇಂದಿನ ಪ್ರಶ್ನೆ. ಇಳಕಲ್ಲಿನ ಕೆಂಪು ಗ್ರಾನೈಟು, ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೂ ಹೋಗುತ್ತವೆ. ನದಿಯ ಮರಳಿಗೆ ಕಡಿವಾಣ ಬಿದ್ದ ಮೇಲೆ ಎಂ-ಸ್ಯಾಂಡ್ ನಮ್ಮ ಕಟ್ಟಡಗಳ ಆಧಾರವಾಗಿದೆ. ನದಿ ಉಳಿಸಿದ್ದು ಒಳ್ಳೆಯದೇ. ಆದರೆ ನದಿಯ ಮರಳು ಸಾವಿರಾರು ವರ್ಷ ನೀರಿನಲ್ಲಿ ಉರುಳಿ ಸವೆದದ್ದು, ಎಂ-ಸ್ಯಾಂಡ್ ಆಗತಾನೆ ಒಡೆದ ಕಲ್ಲು. ಹೊಸದಾಗಿ ಮುರಿದ ಸಿಲಿಕಾ ಕಣ ಹಳೆಯದಕ್ಕಿಂತ ಹೆಚ್ಚು ಹಾನಿಕರವೆಂದು ಪ್ರಯೋಗಗಳು ತೋರಿಸಿವೆ. ನದಿಯ ಮೇಲಿನ ಭಾರವನ್ನು ಇಳಿಸಿ ಕ್ರಷರ್ ಕಾರ್ಮಿಕರ ಎದೆಯ ಮೇಲೆ ಹೊರಿಸಿದರೆ ಅದು ಪರಿಸರ ರಕ್ಷಣೆಯಾಗದು. ಕಲ್ಲು ಕ್ರಷರುಗಳನ್ನು ನಿಯಂತ್ರಿಸಲು 2011ರಲ್ಲಿ ನಮ್ಮ ರಾಜ್ಯ ಪ್ರತ್ಯೇಕ ಕಾಯಿದೆಯನ್ನೇ ತಂದಿತು. ಊರು, ಶಾಲೆ, ಹೆದ್ದಾರಿಯಿಂದ ಕ್ರಷರ್ ಎಷ್ಟು ದೂರವಿರಬೇಕೆಂಬ ಪ್ರಶ್ನೆ ಅಲ್ಲಿ ಮುಖ್ಯವಾಯಿತು. ದೂರದಲ್ಲಿರುವವರ ಬಗ್ಗೆ ಯೋಚಿಸಿದಷ್ಟೇ ಆಳವಾಗಿ ಯಂತ್ರದ ಪಕ್ಕದಲ್ಲಿ ನಿಂತವರ ಬಗ್ಗೆಯೂ ಯೋಚಿಸಬೇಕು.

ಎಣಿಕೆಯಿಂದ ಏನು ಸಾಧ್ಯ ಎಂಬುದಕ್ಕೆ ರಾಜಸ್ಥಾನವನ್ನು ನೋಡಬಹುದು. ಅಲ್ಲಿನ ಮರಳುಗಲ್ಲು ಗಣಿಗಳ ಕಾರ್ಮಿಕರ ಮತ್ತು ಅವರ ಸಂಘಟನೆಗಳ ಹೋರಾಟದ ನಂತರ 2019ರಲ್ಲಿ ಸರ್ಕಾರ ಒಂದು ನೀತಿ ಪ್ರಕಟಿಸಿತು: ಕಾಯಿಲೆ ಪ್ರಮಾಣೀಕೃತವಾದರೆ 3 ಲಕ್ಷ ರೂಪಾಯಿ, ಮರಣಾನಂತರ ಕುಟುಂಬಕ್ಕೆ 2 ಲಕ್ಷ, ಜೊತೆಗೆ ಮಾಸಾಶನ. ಮಾಲೀಕ ಯಾರೆಂದು ಕಾರ್ಮಿಕನೇ ಸಾಬೀತು ಮಾಡಬೇಕೆಂಬ ಅಡ್ಡಿಯನ್ನು ಈ ದಾರಿ ತಪ್ಪಿಸಿತು. ಸಾವಿರಗಟ್ಟಲೆ ಜನ ದಾಖಲಾದರು. ಕಾಯಿಲೆ ಆ ವರ್ಷ ಹುಟ್ಟಿದ್ದಲ್ಲ, ಎಣಿಸಿದ್ದರಿಂದ ಕಂಡಿತು. ಆದರೆ ಅಲ್ಲಿನ ಅನುಭವವೂ ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ: ಧೂಳು ಏಳುತ್ತಲೇ ಇದ್ದರೆ ಪ್ರಮಾಣಪತ್ರಗಳ ಸಾಲು ಬೆಳೆಯುತ್ತಲೇ ಹೋಗುತ್ತದೆ, ಖಜಾನೆ ಸಾವಿಗೆ ಹಣ ಕಟ್ಟುತ್ತಲೇ ಇರುತ್ತದೆ. ಎಣಿಕೆ ಮತ್ತು ತಡೆ ಜೊತೆಜೊತೆಯಾಗಿಯೇ ನಡೆಯಬೇಕು.

ಆದ್ದರಿಂದ ಈ ಸಭೆಯ ಮುಂದೆ ನನ್ನ ಬಿನ್ನಹಗಳು ಇವು. ವೈದ್ಯ ಮಿತ್ರರು ಕೆಮ್ಮಿನ ರೋಗಿಯನ್ನು ಕಂಡಾಗ ಯಾವ ಕಲ್ಲು, ಯಾವ ಯಂತ್ರ, ಎಷ್ಟು ವರ್ಷ ಎಂದು ಕೇಳಿ ಬರೆದುಕೊಳ್ಳಲಿ, ಕಾನೂನು ಹೇಳಿದಂತೆ ವರದಿ ಮಾಡಲಿ. ಪ್ರತಿ ತಾಲ್ಲೂಕಿನಲ್ಲೂ ಇರುವ ಕ್ಷಯರೋಗ ಕಾರ್ಯಕ್ರಮದ ಜಾಲವನ್ನೇ ಸಿಲಿಕೋಸಿಸ್ ಪತ್ತೆಗೂ ಸರ್ಕಾರ ಬಳಸಲಿ. ಕಲ್ಲುಗಣಿ, ಕ್ರಷರುಗಳ ಪರವಾನಗಿ ನವೀಕರಿಸುವಾಗ ರಾಜಧನದ ರಸೀದಿಯ ಜೊತೆಗೆ ಗಾಳಿಯ ಧೂಳು ಅಳೆದ ವರದಿಯನ್ನೂ ಕಡ್ಡಾಯವಾಗಿ ಕೇಳಲಿ, ಆ ವರದಿಯನ್ನು ಕಾರ್ಮಿಕರ ಭಾಷೆಯಲ್ಲಿ ಗಣಿಯ ಬಾಯಲ್ಲೇ ಅಂಟಿಸಲಿ. ರಸ್ತೆ, ಕಟ್ಟಡಗಳಿಗೆ ಅತಿ ಹೆಚ್ಚು ಜಲ್ಲಿ ಕೊಳ್ಳುವುದು ಸರ್ಕಾರವೇ ಆದ್ದರಿಂದ, ನೀರು ಹಾಯಿಸದೆ ಕೊರೆದ ಕಲ್ಲನ್ನು ಕೊಳ್ಳುವುದಿಲ್ಲವೆಂದು ಟೆಂಡರಿನಲ್ಲೇ ಬರೆಯಲಿ. ಈ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ. ಸಿಲಿಕೋಸಿಸ್‌ನಿಂದ ಮುಂದೆ ಆಗುವ ಪ್ರತಿಯೊಂದು ಸಾವನ್ನೂ ನಾವು ತಪ್ಪಿಸಬಹುದಾಗಿದ್ದ ಸಾವೆಂದೇ ಬರೆದಿಡಬೇಕು, ಅದಕ್ಕೆ ಹೊಣೆಯಾದವರನ್ನು ಕೇಳಬೇಕು. ಕೇಳುವವರಲ್ಲಿ ತಾವೂ ಒಬ್ಬರಾಗಬೇಕೆಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.